ಗೆದ್ದವಳ ಬೆನ್ನಿನ ಸೀಸ

ರೇಸಿನ ಲಾಯದಲ್ಲಿ ಮಿಂಚುಳ್ಳಿ ಎಂಬ ಹೆಣ್ಣು ಕುದುರೆ ಇದ್ದಳು. ಹೋದ ಭಾನುವಾರ ಅವಳು ಹತ್ತು ಸಲ ಗೆದ್ದ ಕೆಂಚನೆಂಬ ಕುದುರೆಯನ್ನು ಮೂತಿಯುದ್ದದ ಅಂತರದಲ್ಲಿ ಸೋಲಿಸಿದಳು. ಅದು ಅವಳ ಮೊದಲ ಗೆಲುವು ನೋಡಿ, ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಕೆಂಚಣ್ಣಾ, ನಿಮಗೆ ವಯಸ್ಸಾಯಿತು. ಇನ್ನು ಜಟಕಾ ಎಳೆಯಲು ಹೋಗಿ," ಎಂದು ಎಲ್ಲರೆದುರೇ ಹಂಗಿಸಿದಳು. ಕೆಂಚ ಹುಲ್ಲು ಮೆಲ್ಲುತ್ತಿದ್ದ.

ಈ ಭಾನುವಾರ ಜೀನು ಬಿಗಿದಾಗ ಅವಳ ಬೆನ್ನು ಕುಸಿದಂತಾಯಿತು. ಸವಾರ ಅದೇ ಸಣಕಲ, ಜೀನೂ ಅದೇ.

"ಯಾರದು ನನ್ನ ಬೆನ್ನ ಮೇಲೆ?"

"ನಾವಮ್ಮ, ಸೀಸದ ಬಿಲ್ಲೆಗಳು," ಎಂದಿತು ಜೀನಿನಡಿಯ ಚೀಲ. "ಗೆದ್ದ ಕುದುರೆಗೆ ನಮ್ಮನ್ನು ಹೊರಿಸುವುದು ಇಲ್ಲಿಯ ಪದ್ಧತಿ. ಉಳಿದವರಿಗೂ ಗೆಲ್ಲುವ ಅವಕಾಶ ಬೇಡವೇ?"

"ಅಯ್ಯೋ ಅನ್ಯಾಯವೇ! ಇಷ್ಟು ಭಾರ ಹೊತ್ತು ಯಾರಾದರೂ ಓಡುತ್ತಾರೆಯೇ?"

"ಕೆಂಚ ಓಡಿದನಲ್ಲ. ಹೋದ ವಾರದವರೆಗೂ ನಾವು ಅವನ ಬೆನ್ನ ಮೇಲೇ ಇದ್ದೆವು. ನಮ್ಮನ್ನು ಹೊತ್ತೂ ಅವನು ನಿನಗಿಂತ ಒಂದು ಮೂತಿಯಷ್ಟೇ ಹಿಂದಿದ್ದ."

ಮಿಂಚುಳ್ಳಿಗೆ ಸಿಡಿಲು ಬಡಿದಂತಾಯಿತು. ಒಂದು ಹೆಜ್ಜೆಯೂ ಓಡದೆ, ನಿಂತಲ್ಲೇ ಮೈಯೆಲ್ಲ ಬೆವೆತಳು.

ಗೇಟು ತೆರೆಯಿತು. ತಿರುವಿನಲ್ಲಿ ಅವಳು ಏದುಸಿರು ಬಿಡುತ್ತಿರುವಾಗ ಕೆಂಚ ಪಕ್ಕಕ್ಕೆ ಬಂದ. ಈಗ ತನ್ನನ್ನು ಹಂಗಿಸುತ್ತಾನೆಂದು ಅವಳು ಕಿವಿ ಮುದುಡಿಕೊಂಡಳು.

"ತಂಗೀ, ಆ ಬಿಲ್ಲೆಗಳು ಎಡಪಕ್ಕೆಗೆ ಒತ್ತುತ್ತವೆ. ಸ್ವಲ್ಪ ಬಲಕ್ಕೆ ವಾಲಿ ಓಡು," ಎಂದು ಹೇಳಿ ಅವನು ಮುಂದೆ ಹೋದ.

ಕೆಂಚನ ನಿಜವಾದ ಓಟವನ್ನು ಅವಳು ಕಂಡದ್ದು ಅಂದೇ, ಅದೂ ಹಿಂದಿನಿಂದ.