ಬಾಗಿಲ ಹೊರಗೆ ಬಿಟ್ಟ ಊರುಗೋಲು

ಯಾರೇ ಎದುರಿಗೆ ಬರಲಿ, ದಾಕ್ಷಾಯಿಣಿ ಮೊದಲು ನೋಡುತ್ತಿದ್ದುದು ಅವರ ಪಾದಗಳನ್ನು. ತಾಲ್ಲೂಕು ಕಚೇರಿಯಲ್ಲಿ ಅಂಗವಿಕಲರ ಮಾಸಾಶನದ ಅರ್ಜಿಗಳನ್ನು ಪರಿಶೀಲಿಸುವುದು ಅವಳ ಕೆಲಸ. ಹೆಜ್ಜೆ ಊರುವ ಬಗೆಯಲ್ಲೇ ಸುಳ್ಳು ನಿಜ ತಿಳಿದುಹೋಗುತ್ತದೆ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಹೇಳಿಕೊಟ್ಟಿದ್ದರು. ಮಠದ ಜಗಲಿಯಲ್ಲಿ ಕೂತಾಗಲೂ ಅವಳ ಕಣ್ಣು ಹೊಸಿಲು ದಾಟುವವರ ಕಾಲಿನ ಮೇಲೇ ಇರುತ್ತಿತ್ತು.

ಆ ಸಂಜೆ ಅವಳು ಗುರುಗಳನ್ನು ಕೇಳಿದಳು: “ಬುದ್ಧಿ, ಒಬ್ಬ ಮನುಷ್ಯ ನಮ್ಮ ಕಚೇರಿಗೆ ತೆವಳಿಕೊಂಡು ಬಂದು ಮಾಸಾಶನ ಮಾಡಿಸಿಕೊಂಡ. ಮೊನ್ನೆ ಬೀದಿ ನಲ್ಲಿಯ ಹತ್ತಿರ ಗೋಡೆ ಹಿಡಿದು ನಿಂತಿದ್ದ. ನಾನೇ ಕಣ್ಣಾರೆ ನೋಡಿದೆ. ನಾಳೆ ಅವನ ವಿಚಾರಣೆ. ನಿಲ್ಲಬಲ್ಲವನ ಮಾಸಾಶನವನ್ನು ನಾನು ನಿಲ್ಲಿಸಿದರೆ ತಪ್ಪೇ?”

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಕತೆ ಹೇಳತೊಡಗಿದರು.

ಒಂದು ರಾಜ್ಯದಲ್ಲಿ ತೆಂಗಿನ ಮರ ಹತ್ತಿ ಕಾಯಿ ಕೆಡಹುವವನೊಬ್ಬ ಇದ್ದ. ಒಂದು ದಿನ ಕೈಜಾರಿ ಬಿದ್ದ. ಸೊಂಟದ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತು. ಒಂದು ಕಾಲು ಸತ್ತ ಹಾಗಾಯಿತು, ಇನ್ನೊಂದು ಗಟ್ಟಿಯಾಗಿತ್ತು. ಊರುಗೋಲು ಹಿಡಿದರೆ ಅಂಗಳದ ತನಕ ನಡೆಯುತ್ತಿದ್ದ. ಅದರಾಚೆ ಹೋದನೋ, ಮಾರನೆಯ ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮರ ಹತ್ತುವ ಮಾತು ಮುಗಿದಿತ್ತು. ಮನೆಯಲ್ಲಿ ಒಲೆ ಹೊತ್ತಿಸುವುದೂ ಅಪರೂಪವಾಯಿತು.

ಮೈ ಸೋತವರಿಗೆ ಅರಮನೆಯಿಂದ ಕಾಳಿನ ಪಡಿ ಸಲ್ಲಬೇಕೆಂದು ಅರಸನ ಅಪ್ಪಣೆ ಇತ್ತು. ಪಡಿ ಬೇಡುವವರು ಚಾವಡಿಗೆ ಬಂದು ಅಧಿಕಾರಿಯ ಎದುರು ನಿಲ್ಲಬೇಕು.

ಹೊರಡುವ ದಿನ ಹೆಂಡತಿ ಅವನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಮದುವೆಯಲ್ಲಿ ಉಟ್ಟ ಪಂಚೆಯನ್ನು ಪೆಟ್ಟಿಗೆಯಿಂದ ತೆಗೆದು ಉಡಿಸಿದಳು. ದೊಡ್ಡವರ ಮುಂದೆ ತಿರುಕನ ಹಾಗೆ ಕಾಣಬಾರದಲ್ಲ. ಪಕ್ಕದ ಮನೆಯವರ ಗಾಡಿಯಲ್ಲಿ ಹೋದ. ಚಾವಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಚಪ್ಪಲಿಯ ಪಕ್ಕಕ್ಕೆ ಊರುಗೋಲನ್ನೂ ಬಿಟ್ಟ. ಹಿರಿಯರ ಎದುರು ಕೋಲೂರಿ ನಿಲ್ಲುವುದು ಅವನ ಕಡೆಯವರಲ್ಲಿ ಮರ್ಯಾದೆಯಲ್ಲ. ಹಲ್ಲು ಕಚ್ಚಿಕೊಂಡು ಒಳಗೆ ನಡೆದ. ಕೈಮುಗಿದು ನಿಂತ.

‘ಹೇಗಿದ್ದೀಯಪ್ಪ?’ ಎಂದು ಅಧಿಕಾರಿ ಕೇಳಿದ.

‘ತಮ್ಮ ದಯದಿಂದ ಚೆನ್ನಾಗಿದ್ದೀನಿ ಸ್ವಾಮಿ.’

ಯಾರು ಕೇಳಿದರೂ ಅವನ ಊರಿನಲ್ಲಿ ಹೇಳುವುದು ಹೀಗೆಯೇ. ಹೆಣ ಎತ್ತುವ ಮನೆಯವನನ್ನು ಕೇಳಿದರೂ ಮೊದಲು ಇದನ್ನೇ ಹೇಳಿಯಾನು. ಅಧಿಕಾರಿಯೂ ಅಂಥದೇ ಊರಿನವನು, ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಸಿದ: ತಾನೇ ನಡೆದು ಬಂದ, ಕೋಲಿಲ್ಲದೆ ನಿಂತ, ಚೆನ್ನಾಗಿದ್ದೇನೆ ಎಂದು ತನ್ನ ಬಾಯಿಂದಲೇ ಹೇಳಿದ. ಪಡಿ ಇಲ್ಲ.

ಒಪ್ಪದವರು ಮೇಲಿನ ಚಾವಡಿಗೆ ಹೋಗಬಹುದಿತ್ತು. ಅವನು ಹೋದ. ಈ ಸಲ ಊರುಗೋಲು ಬಿಡದೆ ಒಳಗೆ ಬಂದ. ನೋವಿದೆ ಸ್ವಾಮಿ, ದುಡಿಯಲಾರೆ ಎಂದ. ಮೇಲಿನ ಅಧಿಕಾರಿ ಅವನ ಸೊಂಟವನ್ನು ನೋಡಲಿಲ್ಲ. ಕೆಳಗಿನವನು ಬರೆಸಿದ್ದನ್ನು ನೋಡಿದ.

‘ಅಲ್ಲಿ ಇಲ್ಲದ ಕೋಲು ಇಲ್ಲಿ ಎಲ್ಲಿಂದ ಹುಟ್ಟಿತಯ್ಯಾ? ಅಲ್ಲಿ ಚೆನ್ನಾಗಿದ್ದೆ, ಇಲ್ಲಿ ನೋವು ಬಂತು. ನಮ್ಮ ಚಾವಡಿಯ ಗಾಳಿ ನಿನಗೆ ಆಗುವುದಿಲ್ಲವೇನೋ.’

ಸುತ್ತಲಿದ್ದವರು ನಕ್ಕರು. ಪಡಿ ಇಲ್ಲ.

ಹೊರಗೆ ಮಜ್ಜಿಗೆ ಮಾರುವ ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ‘ಬೀಗರ ಮನೆಗೆ ಬಂದ ಹಾಗೆ ಬಂದಿದ್ದೀಯಲ್ಲೋ ನನ್ನಪ್ಪ. ಇಲ್ಲಿ ಪಡಿ ಸಿಕ್ಕೋದು ಸೊಂಟ ಮುರಿದೋರಿಗಲ್ಲ, ತೆವಳೋರಿಗೆ. ಆ ಪಂಚೆ ಮಡಿಸಿಡು. ಹರಕು ಸುತ್ತಿಕೊಂಡು ನೆಲಕ್ಕೆ ಬೀಳು’ ಎಂದಳು.

ಉಳಿದಿದ್ದುದು ರಾಜಧಾನಿಯ ಚಾವಡಿ ಒಂದೇ. ಅಲ್ಲಿ ಅವನು ಗಾಡಿ ಇಳಿದವನೇ ನೆಲಕ್ಕೆ ಬಿದ್ದು ತೆವಳಿದ. ಹೆಂಡತಿ ಮುಖ ಆಚೆ ತಿರುಗಿಸಿಕೊಂಡು ಪಕ್ಕದಲ್ಲೇ ನಡೆದಳು. ಹೇಗಿದ್ದೀಯ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಪಡಿ ಮಂಜೂರಾಯಿತು. ‘ಮೊದಲೇ ಹೀಗೆ ಬಂದಿದ್ದರೆ ನಿನಗೂ ಸುಲಭ, ನಮಗೂ ಸುಲಭ’ ಎಂದು ಅಲ್ಲಿನ ಅಧಿಕಾರಿ ಪ್ರೀತಿಯಿಂದಲೇ ಬುದ್ಧಿ ಹೇಳಿದ.

ಒಂದು ನಿಯಮವಿತ್ತು. ಪಡಿ ಪಡೆಯುವವನು ನಿಂತದ್ದನ್ನು ಯಾರಾದರೂ ಕಂಡು ಹೇಳಿದರೆ ಪಡಿ ನಿಂತುಹೋಗುವುದು. ಹೇಳುವವರಿಗೇನು ಬರ. ಆದ್ದರಿಂದ ಅವನು ಊರಿನಲ್ಲೂ ತೆವಳಿದ. ಬಾವಿಗೆ ತೆವಳಿದ, ಗುಡಿಗೆ ತೆವಳಿದ. ಕದ ಮುಚ್ಚಿದ ಮೇಲೂ ಕಿಟಕಿಯ ಕಡೆ ನೋಡುತ್ತ ನೆಲದ ಮೇಲೇ ಇದ್ದ. ಅಂಗಳದ ತನಕ ನಡೆಸುತ್ತಿದ್ದ ಊರುಗೋಲನ್ನು ಹೆಂಡತಿ ಅಟ್ಟಕ್ಕೆ ಹಾಕಿದಳು. ನೆಲಕ್ಕೆ ಊರದ ಕಾಲು ಎಷ್ಟು ದಿನ ಗಟ್ಟಿಯಾಗಿದ್ದೀತು? ಒಳ್ಳೆಯ ಕಾಲೂ ಕಡ್ಡಿಯಾಗುತ್ತ ಬಂತು. ಮುಂದಿನ ಪರೀಕ್ಷೆಗೆ ಬಂದ ಅಧಿಕಾರಿ ಎರಡೂ ಕಾಲುಗಳನ್ನು ನೋಡಿ, ನಮ್ಮ ತೀರ್ಮಾನ ಸರಿಯಾಗಿಯೇ ಇತ್ತು ಎಂದು ಬರೆಸಿಕೊಂಡು ಹೋದ.

ಗುರುಗಳು ಕತೆ ನಿಲ್ಲಿಸಿದರು. ಅವರ ಉಸಿರು ಬಿಸಿಯಾಗಿತ್ತು. ಅವರು ಸಿಟ್ಟಾದದ್ದನ್ನು ದಾಕ್ಷಾಯಿಣಿ ಈ ಮೊದಲು ಕಂಡಿರಲಿಲ್ಲ.

“ಆದರೂ ಬುದ್ಧಿ,” ಎಂದಳು ಮೆಲ್ಲಗೆ, “ಅವನು ಸುಳ್ಳಾಡಿದ್ದು ಸುಳ್ಳಲ್ಲವಲ್ಲ.”

“ಎರಡು ಸಲ ನಿಜವನ್ನೇ ತಂದಿದ್ದ ತಾಯಿ. ಎರಡು ಸಲವೂ ನೀವು ತಗೊಳ್ಳಲಿಲ್ಲ.”

ನೀವು ಎಂದದ್ದು ಅವಳಿಗೆ ನಾಟಿತು. ಕತೆಯ ಚಾವಡಿಯಲ್ಲಿ ತಾನಿರಲಿಲ್ಲ ಎನ್ನಲು ಬಾಯಿ ತೆರೆದವಳು ಅದನ್ನು ಬಿಟ್ಟಳು. ಬದಲಿಗೆ ಕೇಳಿದಳು: “ಹಾಗಾದರೆ ನಾಳೆ ಅವನು ನನ್ನ ಮುಂದೆ ಬಂದಾಗ ನಾನೇನು ಮಾಡಲಿ?”

“‘ನೀನು ಎದ್ದು ನಿಂತರೂ ಮಾಸಾಶನ ನಿಲ್ಲುವುದಿಲ್ಲ’ ಎಂದು ಬರೆದು, ಸಹಿ ಹಾಕಿ, ಅವನ ಕೈಗೆ ಕೊಡು.”