ಅಧ್ಯಕ್ಷರ ಅಪ್ಪಣೆ

ಒಂದು ದೇಶದ ಬಿಷಪರೆಲ್ಲ ಮಹಾಸಭೆಯಲ್ಲಿ ಮತ ಹಾಕಿ ಆರ್ಚ್‌ಬಿಷಪ್ ಗಾಸ್ಪರರನ್ನು ತಮ್ಮ ಮಂಡಳಿಗೆ ಅಧ್ಯಕ್ಷರನ್ನಾಗಿ ಆರಿಸಿದರು. ಆರಿಸಿ ಮುಗಿಯುವಷ್ಟರಲ್ಲಿ ಗಾಸ್ಪರರ ಕುತ್ತಿಗೆ ನೆಟ್ಟಗಾಯಿತು.

"ಇನ್ನು ಮೇಲೆ ಈ ದೇಶದ ಬಿಷಪರೆಲ್ಲ ನನ್ನ ಮಾತು ಕೇಳಬೇಕು," ಎಂದರು.

ಪಕ್ಕದಲ್ಲಿದ್ದ ಕಾರ್ಯದರ್ಶಿ ಫಾದರ್ ಸಿಪ್ರಿಯನ್ ಮೆಲ್ಲಗೆ ಹೇಳಿದರು: "ಪೂಜ್ಯರೇ, ಅವರವರ ಧರ್ಮಪ್ರಾಂತ್ಯಕ್ಕೆ ಅವರವರೇ ಯಜಮಾನರು. ಅವರು ಉತ್ತರ ಕೊಡಬೇಕಾದ್ದು ರೋಮಿನ ಪೋಪರಿಗೆ. ಎಲ್ಲರನ್ನೂ ಕಟ್ಟುವ ನಿಯಮ ಮಾಡಬೇಕಾದರೆ ಮೂರರಲ್ಲಿ ಎರಡು ಪಾಲು ಮತ ಬೇಕು, ಆಮೇಲೆ ರೋಮಿನ ಒಪ್ಪಿಗೆಯೂ ಬೇಕು."

"ಅದೆಲ್ಲ ಪುಸ್ತಕದ ಮಾತು!" ಎಂದ ಗಾಸ್ಪರರು ಬೆಟ್ಟದ ಬಿಷಪ್ ಅಂಬ್ರೋಸರತ್ತ ತಿರುಗಿದರು. "ನಿಮ್ಮ ಪುಟ್ಟ ಗುರುಮಠ ಮುಚ್ಚಿಬಿಡಿ. ಹುಡುಗರು ನಮ್ಮ ಊರಿಗೆ ಬಂದು ಪಾದ್ರಿ ವಿದ್ಯೆ ಕಲಿಯಲಿ."

ಅಂಬ್ರೋಸರ ಮುಖ ಬಾಡಿತು. ಬೆಟ್ಟದ ಭಾಷೆ ಬಲ್ಲ ಪಾದ್ರಿಗಳು ತಯಾರಾಗುತ್ತಿದ್ದದ್ದು ಅಲ್ಲೊಂದೇ ಕಡೆ. ಆದರೆ ಹೊಸ ಅಧ್ಯಕ್ಷರನ್ನು ಮೊದಲ ದಿನವೇ ಎದುರು ಹಾಕಿಕೊಳ್ಳುವವರು ಯಾರು?

ಸಿಪ್ರಿಯನ್ನರಿಗೆ ಇದು ಸರಿಬರಲಿಲ್ಲ. ಆದರೂ ನಗುತ್ತಲೇ ಎದ್ದರು.

"ಅಪ್ಪಣೆ. ಹುಡುಗರ ವಸತಿಯ ಮಾತೂ ಈಗಲೇ ಮುಗಿಸಿಬಿಡೋಣ. ಸಮುದ್ರದ ದಂಡೆಯಲ್ಲಿ ತಮ್ಮ ಬಂಗಲೆಯಿದೆಯಲ್ಲ? ಅದನ್ನು ಹಾಸ್ಟೆಲ್ ಮಾಡಬೇಕೆಂದು ಮಂಡಳಿ ಆಜ್ಞೆ ಮಾಡಲಿ. ತಾವು ಮಹಡಿಯ ಮೆಟ್ಟಿಲ ಕೆಳಗಿನ ಕೋಣೆಗೆ ಬಂದರಾಯಿತು."

ಗಾಸ್ಪರರು ಮೇಜು ಗುದ್ದಿದರು. "ನನ್ನ ಬಂಗಲೆಗೆ ಆಜ್ಞೆಯೇ? ನನ್ನ ಧರ್ಮಪ್ರಾಂತ್ಯದಲ್ಲಿ ಪೋಪರನ್ನು ಬಿಟ್ಟರೆ ನಾನೇ! ಮಂಡಳಿ ಇರುವುದು ಕೂಡಿ ಮಾತಾಡಲಿಕ್ಕೆ, ಇನ್ನೊಬ್ಬರ ಮನೆಯಲ್ಲಿ ಯಜಮಾನಿಕೆ ಮಾಡಲಿಕ್ಕಲ್ಲ!"

ಸಿಪ್ರಿಯನ್ ಸರಸರನೆ ಬರೆದುಕೊಂಡರು.

"ಏನ್ರೀ ಅದು, ಬರೆಯುತ್ತಿರುವುದು?"

"ಅಧ್ಯಕ್ಷರ ತೀರ್ಪು, ಪೂಜ್ಯರೇ. ಎಷ್ಟು ಚೆನ್ನಾಗಿ ಹೇಳಿದಿರಿ! ಬೆಟ್ಟದವರಿಗೂ ಇದನ್ನೇ ಕೊಡಲೇ?"

ಮೊದಲು ನಕ್ಕವರು ಅಂಬ್ರೋಸರು. ಆಮೇಲೆ ಇಡೀ ಸಭೆ ನಕ್ಕಿತು. ಗಾಸ್ಪರರ ಮುಖ ಮೊದಲು ಕೆಂಪಗಾಯಿತು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ.

"ಗುರುಮಠ ಇದ್ದಲ್ಲೇ ಇರಲಿ," ಎಂದು ಕಣ್ಣೊರೆಸಿಕೊಂಡರು. "ಫಾದರ್, ನಿಮ್ಮನ್ನೂ ಬಿಷಪ್ ಮಾಡಿ ಎಂದು ರೋಮಿಗೆ ಬರೆಯಲೇ?"

ಸಿಪ್ರಿಯನ್ ಕೈ ಮುಗಿದರು.

"ಬೇಡ ಪೂಜ್ಯರೇ. ಬಿಷಪನಾದರೆ ನನ್ನ ಮಾತು ಒಂದೇ ಧರ್ಮಪ್ರಾಂತ್ಯದಲ್ಲಿ ನಡೆಯುತ್ತದೆ. ಈ ಕುರ್ಚಿಯಲ್ಲಿದ್ದರೆ ದೇಶಕ್ಕೆಲ್ಲ ನಡೆಯುತ್ತದೆ, ಅದೂ ತಮ್ಮ ಬಾಯಿಂದಲೇ!"