ಗಿಲ್ಲಿ ಸಾಹೇಬ ಮುಚ್ಚಿದ ಕಣ್ಣು

ಭಾಳ ಭಾಳ ಹಿಂದ, ಕೆಂಚನಾಳ ಅಂತ ಒಂದೂರಾಗ, ಚಿತ್ರಗಾರ ಮಾನಪ್ಪ ಉಟ್ಟ ಧೋತರ ಬಿಚ್ಚಿ ಬೀಳೋ ಹಂಗ ಓಡಿ ಬಂದು ಚಾವಡಿ ಮುಂದ ನಿಂತ್ನಂತ.

"ನಂಬ್ರಿ ಬಿಡ್ರಿ, ಈಗ, ಇದೇ ಈಗ, ನನ್ನ ಹೆಂಡ್ತಿ ಒಂದು ಅರಿವ್ಯಾಗಿಂದ ನನ್ನ ನೋಡಿದ್ಲು!" ಅಂದ. "ಮೂಗಿಲ್ಲ, ಬಾಯಿಲ್ಲ, ಬರೇ ಎರಡು ಕಣ್ಣು. ಆದ್ರ ಅಕಿವ ಕಣ್ಣು!"

"ಬಾಯಿಲ್ಲದ ಹೆಂಡ್ತಿ ಸಿಕ್ಕಾಳ, ಗಟ್ಟಿ ಹಿಡಕೋ ಮಾವಾ," ಅಂದ ಕಟ್ಟಿ ಮ್ಯಾಲ ಕುಂತಾಂವ ಒಬ್ಬ. ಚಾವಡಿಗೆ ಚಾವಡೀನ ನಕ್ಕಿತು. ಮಾನಪ್ಪ ಮಾತ್ರ ನಗಲಿಲ್ಲ.

ಯಾಕ ನಗಲಿಲ್ಲ ಅಂತೀರಿ? ಹೇಳ್ತೀನಿ, ಕೇಳ್ರಿ.

ಆ ಕಣ್ಣು ಬರದಾಂವ ಗಿಲ್ಲಿ ಸಾಹೇಬ. ಖರೇ ಹೆಸರು ಗಿಲ್ಲೆಸ್ಪಿ ಅಂತ, ನಮ್ಮ ನಾಲಿಗ್ಯಾಗ ಗಿಲ್ಲಿ ಆತು. ಸ್ಕಾಟ್ಲೆಂಡ್ ಅಂತ ಒಂದು ದೇಶ, ಅಲ್ಲಿ ಸಮುದ್ರದ ದಂಡಿಗೆ ಮೀನ ಹಿಡಿಯೋರ ಮನ್ಯಾಗ ಹುಟ್ಟಿದಾಂವ. ಬಲಿ ಹೆಣಿ ಅಂತ ಕುಂದರಿಸಿದ್ರ ಇದ್ದಲಿ ತಗೊಂಡು ದೋಣಿ ಮೈತುಂಬ ಚಿತ್ರ ತಗೀತಿದ್ನಂತ. ದೊಡ್ಡಾಂವ ಆಗಿ ಎಡಿನ್‌ಬರೋ ಶಹರದಾಗ ಚಿತ್ರ ತೂಗಹಾಕೋ ದೊಡ್ಡ ಪಡಸಾಲಿಗೆ ತನ್ನ ಚಿತ್ರ ಹೊತ್ಕೊಂಡು ಹೋದ್ರ, ಅಲ್ಲಿಯ ದೊಡ್ಡ ಮಂದಿ ಮೀನಿನ ವಾಸನಿ ಬರ್ತೈತಿ ಅಂತ ಮೂಗು ಮುಚ್ಕೊಂಡು ವಾಪಸ್ ಕಳಿಸಿದ್ರಂತ. ಆ ಸಿಟ್ಟಿಗೆ ಹಡಗ ಹತ್ತಿದ, ಸಿಪಾಯಿಗಳ ದಂಡಿನ ಬೆನ್ನ ಹಿಂದ ಗುಡ್ಡ ಬರಕೋತ, ಕ್ವಾಟಿ ಬರಕೋತ ನಮ್ಮ ಕಡೆ ಬಂದ. ದಂಡು ಮುಂದ ಹೋತು. ಇವ ಕಟ್ಟಿಗಿ ಗೊಂಬಿ, ದೇವರು ಮಾಡೋ ನಮ್ಮ ಚಿತ್ರಗಾರ ಓಣಿ ನೋಡಿ, ಅಲ್ಲೇ ಡೇರೆ ಹೊಡದು ಉಳದ.

ಅವನ ಕೈ ಅಂದ್ರ ಕೈ! ಚಾವಡಿ ಗ್ವಾಡಿ ಮ್ಯಾಲ ಮೆಣಸಿನಕಾಯಿ ರಾಶಿ ಬರದ್ರ ಹಾದು ಹೋಗೋರು ಸೀನ್ತಿದ್ರಂತ. ಬಾವಿ ಬರದ್ರ ಆಡು ಬಂದು ಗ್ವಾಡಿ ನೆಕ್ಕಿತಂತ. ಬಣ್ಣದಾಗ ಹುಣಸಿ ಬೀಜದ ಅಂಟಿತ್ತು, ಅದಕ್ಕ ನೆಕ್ಕಿತು ಅಂತಾರ ಕೆಲವರು. ಇರಲಿ ಬಿಡ್ರಿ.

ಒಮ್ಮೆ ಒಬ್ಬ ದೊರಿ ಬಂದ. ಕೆಲಸ ಮಾಡೋ ಹೆಣ್ಣಮಗಳ ಚಿತ್ರ ಒಂದು ಬರಕೊಡು, ಅದೇ ಎಡಿನ್‌ಬರೋ ಪಡಸಾಲ್ಯಾಗ ನಾನ ಹಾಕಸ್ತೀನಿ, ನಿನ್ನನ್ನೂ ಹಡಗಿನ್ಯಾಗ ಕರಕೊಂಡು ಹೋಗ್ತೀನಿ ಅಂದ. ಸಾಹೇಬಗ ಇನ್ನೇನು ಬೇಕು? ಮಾನಪ್ಪನ ಹೆಂಡ್ತಿ ಗಾಳೆವ್ವ ಗೊಂಬಿಗೆ ಅಂಟು ಹಚ್ಚಕೋತ ಕುಂತಿದ್ಲು, ಪಕ್ಕದಾಗ ಅಕಿ ಅತ್ತಿ ಹಂಪವ್ವ ಕಾವಲ ಕುಂತಿದ್ಲು. ಸಾಹೇಬ ಬರಿಯಾಕ ಕುಂತ. ತನಗ ರೂಢಿ ಇದ್ದಂಗ ಮೊದಲು ಕಣ್ಣು ಬರದ.

ಆತಲ್ಲ ಎಡವಟ್ಟು! ನಮ್ಮ ಓಣ್ಯಾಗ ಕಣ್ಣು ಯಾವತ್ತೂ ಕಡೀಕ. ಮೈ, ಕೈ, ಸೀರಿ, ಒಡವಿ ಎಲ್ಲಾ ಮುಗೀಬೇಕು, ಜಳಕ ಮಾಡಿ, ಉಪವಾಸ ಇದ್ದು, ಎದುರಿಗೆ ಕನ್ನಡಿ ಹಿಡದು ಆಮ್ಯಾಲ ಕಣ್ಣು ತಗೀಬೇಕು. ಮೊದಲೇ ತಗದ್ರ ಜೀವ ಬಂದು ಬಿಡ್ತೈತಿ, ಕುಂದರಾಕ ಮೈ ಇರೂದಿಲ್ಲ. ಮೈ ಹುಡುಕ್ಕೋತ ಹೋಗ್ತೈತಿ. ಮಾನಪ್ಪ ಓಡಿ ಬಂದದ್ದು ಅದಕ್ಕ.

ಸಾಹೇಬ ಇದನ್ನ ಕೇಳಿ ನಕ್ಕ. ನಕ್ಕೋತ ಮೈ ಕೈ ಎಲ್ಲಾ ಬರದು ಮುಗಿಸಿದ. ಚಿತ್ರ ಹೆಂಗಾತು ಅಂದ್ರ, ಆ ಕಣ್ಣಿನ ಮುಂದ ಅತ್ತಿ ಹಂಪವ್ವ ತಾನ ತಲಿ ಮ್ಯಾಲ ಸೆರಗು ಹೊತ್ಕೊಂಡ್ಲಂತ! ಆದ್ರ ಚಿತ್ರ ಮುಗದ ದಿನಾನ ಗಾಳೆವ್ವಗ ಜ್ವರ ಬಂತು. ಮೈ ಹಂಚಿನಂಗ ಕಾದಿತ್ತು, ಎಷ್ಟು ಕರದ್ರೂ ಮಾತಿಲ್ಲ. ಆ ಕಣ್ಣಿನ ಜೀವಾನ ಮೈ ಹುಡುಕ್ಕೋತ ಅಕಿ ಮೈಗೆ ಬಂದೈತಿ ಅಂದ್ರು ಓಣಿ ಮಂದಿ.

ಸುಡುಸುಡು ಮಧ್ಯಾಹ್ನ, ಓಣಿಗೆ ಓಣೀನ ಬಂದು ಡೇರೆ ಮುಂದ ಕುಂತಿತು. ಊರ ಮುಂದ ದೊರಿ ಗಾಡಿ ಎತ್ತು ಹೂಡಿ ನಿಂತಿತ್ತು. ಕಟ್ಟಿಗಿ ಕೆತ್ತೋ ಬಾಚಿ ಹಿಡದ ಗಂಡಸ್ರು ಅಷ್ಟು ಮಂದಿ, ಚಿತ್ರ ಸೀಳಿ ಹಾಕೋದು ಎಷ್ಟೊತ್ತಿನ ಮಾತು? ಆದ್ರ ಯಾರೂ ಮುಟ್ಟಲಿಲ್ಲ. ಕಣ್ಣು ತಗದಾಂವ ತಾನ ಅದನ್ನ ಮುಚ್ಚಬೇಕು, ಬ್ಯಾರೆ ಕೈ ಮುಟ್ಟಿದ್ರ ಜೀವ ಹೋದಂಗ. ಅದು ಓಣಿ ಕಟ್ಟಳಿ.

"ಮುಚ್ಚೋ ಎಪ್ಪಾ," ಅಂದ್ಲು ಹಂಪವ್ವ. "ದಿನಾ ನಾ ಬೈದ ಸೊಸಿ. ಬೈಯಾಕ ಬೇಕು ನನಗ ಅಕಿ."

"ಅವ್ವಾ, ಬರೇ ಜ್ವರ. ಇಳೀತೈತಿ," ಅಂದ ಸಾಹೇಬ. ಅಷ್ಟೊತ್ತಿಗೆ ನಮ್ಮ ಮಾತು ಕಲತಿದ್ದ.

"ಇಳೀದಿದ್ರ?"

ಸಾಹೇಬ ಚಿತ್ರ ನೋಡಿದ. ಜ್ವರಕ್ಕೂ ಚಿತ್ರಕ್ಕೂ ಸಂಬಂಧಿಲ್ಲ ಅಂತ ಅವಗ ಗೊತ್ತಿತ್ತು. ಇಂಥಾ ಕಣ್ಣು ಈ ಕೈಗೆ ಇನ್ನೊಮ್ಮೆ ಬರೂದಿಲ್ಲ ಅಂತಾನೂ ಗೊತ್ತಿತ್ತು. ಪಡಸಾಲಿ ಗ್ವಾಡಿ ಕಣ್ಮುಂದ ಬಂತು, ಮೂಗು ಮುಚ್ಕೊಂಡ ಮಂದಿ ಬಂದ್ರು. ಮಾನಪ್ಪ ಅಳಿಲಿನ ಕೂದಲದ ತನ್ನ ಕುಂಚ ಮುಂದ ಹಿಡದ. ಸಾಹೇಬ ಇಸಗೊಂಡ. ಕಂದು ಬಣ್ಣ ಕಲಸಿದ. ಎರಡು ರೆಪ್ಪಿ ಕೆಳಗ ಇಳಿಸಿದ. ಅಷ್ಟ.

ದೊರಿ ನೋಡಿ, ಕೆಲಸ ಮಾಡೋ ಹೆಣ್ಣು ಬರಿ ಅಂದ್ರ ತೂಕಡಸೋ ಹೆಣ್ಣು ಬರದಿಯಲ್ಲೋ ಅಂತ ನಕ್ಕ. ಚಿತ್ರಾನೂ ಒಯ್ಯಲಿಲ್ಲ, ಸಾಹೇಬನ್ನೂ ಒಯ್ಯಲಿಲ್ಲ. ಗಾಡಿ ಹೋತು.

ಗಾಳೆವ್ವನ ಜ್ವರ ಅವತ್ತ ಸಂಜೀಕ ಇಳೀತು ಅಂತಾರ. ಇಲ್ಲ, ಹಂಪವ್ವ ಕುಡಿಸಿದ ಬೇವಿನ ಕಷಾಯಕ್ಕ ಇಳೀತು ಅಂತಾನೂ ಅಂತಾರ. ಎದ್ದಾಕಿ ಮೊದಲು ಮಾಡಿದ್ದು ಜಗಳ. "ಏನೋ ಸಾಹೇಬಾ, ಕೆಲಸದ ಮುಂದ ಕುಂತು ನಿದ್ದಿ ಮಾಡಿದಾಕಿ ಏನ್ ನಾನು? ನಾಕ ಮಂದಿ ಏನಂದಾರು? ಕಣ್ಣು ತಗೀ ಮತ್ತ!" ಸಾಹೇಬ ಕುಂಚ ಹಿಡದ, ಮಾನಪ್ಪ ಕನ್ನಡಿ ಹಿಡದ. ಸಾಹೇಬನ ಕೈ ಏಳಲಿಲ್ಲ. ಮರುದಿನಾನೂ ಏಳಲಿಲ್ಲ. ಮುದುಕ ಆಗಿ ಸಾಯೂತನಕ ಅದೇ ಓಣ್ಯಾಗ ಗೊಂಬಿಗೆ ಸೀರಿ ಅಂಚು ಬರಕೋತ ಉಳದ ಅಂತಾರ, ಕಣ್ಣು ಮಾತ್ರ ಒಂದಕ್ಕೂ ಬರೀಲಿಲ್ಲ.

ಊರ ಹೊರಗ ಬನ್ನಿ ಗಿಡದ ಕೆಳಗ ಅವನ ಕಲ್ಲು ಐತಿ. ಇವತ್ತಿಗೂ ಹೊಸ ದೇವರ ಕಣ್ಣು ತಗಿಯೋಕಿಂತ ಮೊದಲು ಚಿತ್ರಗಾರರು ಅದನ್ನ ಅಲ್ಲಿಗೆ ಹೊತ್ಕೊಂಡು ಹೋಗಿ, ಕಲ್ಲಿಗೆ ಮಾರಿ ಮಾಡಿ ಇಳಸ್ತಾರ, ಒಂದೀಟು ಹೊತ್ತು ನಿಂತು ಬರ್ತಾರ. ಓಣ್ಯಾಗ ಯಾರಿಗರ ಜ್ವರ ಇದ್ರ ಅವತ್ತು ಯಾವ ಮನ್ಯಾಗೂ ಕಣ್ಣು ತಗಿಯಂಗಿಲ್ಲ. ಮತ್ತ ಹಿಂಗ ನಿಂತಾಗೆಲ್ಲಾ ಜಗಳ ಶುರು ಆಗ್ತೈತಿ. ಕಷಾಯಕ್ಕ ಇಳಿಯೋ ಜ್ವರಕ್ಕ ಅಂಥಾ ಕಣ್ಣು ಮುಚ್ಚಬಾರದಿತ್ತು ಅಂತ ಒಬ್ಬರು, ಇಳೀತೈತಿ ಅಂತ ಮೊದಲೇ ಯಾರಿಗೆ ಗೊತ್ತಿತ್ತು ಅಂತ ಇನ್ನೊಬ್ಬರು. ನೀವ ಹೇಳ್ರಿ ನೋಡೋಣು, ಅತ್ತ ಗಾಡಿ ನಿಂತೈತಿ, ಇತ್ತ ಆ ಮುದುಕಿ ಕುಂತಾಳ. ನೀವಾಗಿದ್ರ ಏನ್ ಮಾಡ್ತಿದ್ರಿ?